ಏನು ಕುಡಿಸಿದಿರಿ ಎಂದು ಕೇಳುತ್ತಿದ್ದವರು

ಇಸವಿ ೧೯೪೪, ಕಾರ್ತಿಕ ಮಾಸದ ಒಂದು ಸೋಮವಾರ, ಬೆಳಗ್ಗೆ ಎಂಟು ಗಂಟೆ. ಮದ್ದೂರಿನ ಆಸ್ಪತ್ರೆಯ ಜಗುಲಿ. ಹಾಜರಿದ್ದವರು: ಡಾಕ್ಟರು, ಕಾಂಪೌಂಡರ್ ಗಫಾರ್ ಸಾಹೇಬರು, ನರ್ಸು ಎಂದರೆ ನಾನು. ಎದುರಿಗೆ ಒಂದು ಎತ್ತಿನ ಗಾಡಿ. ಗಾಡಿಯೊಳಗೆ ಹುಲ್ಲಿನ ಮೇಲೆ ಮೊಣಕಾಲು ಮಡಿಸಿಕೊಂಡು ಮಲಗಿದ್ದ ಮರೀಗೌಡನೆಂಬ ಯುವಕ, ಅವನ ತಲೆಯ ಹತ್ತಿರ ಅವನ ತಾಯಿ ನಿಂಗಮ್ಮ. ಗಾಡಿಯ ಹಿಂದೆ, ಬೆಸಗರಹಳ್ಳಿಯ ಆಚೆಯಿಂದ ನಡೆದುಕೊಂಡೇ ಬಂದಿದ್ದ ಅವನ ಹೆಂಡತಿ ಪುಟ್ಟತಾಯಿ. ಗಾಡಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.

ದಿನ, ಗಂಟೆ, ಯಾರಿದ್ದರು ಎಂಬುದನ್ನು ಮೊದಲು ಬರೆದು ಆಮೇಲೆ ಮಿಕ್ಕದ್ದನ್ನು ಬರೆಯುವುದು ನನಗೆ ತರಬೇತಿಯಲ್ಲಿ ಹತ್ತಿದ ಅಭ್ಯಾಸ. ಅದನ್ನು ಬಿಡುವ ವಯಸ್ಸು ದಾಟಿದೆ.

ಡಾಕ್ಟರು ಗಾಡಿಯ ಹತ್ತಿರ ಹೋದರು. ಏನಾಯಿತು ಎಂದು ಕೇಳಲಿಲ್ಲ. ಅವರು ಯಾರನ್ನೂ ಹಾಗೆ ಕೇಳಿದವರಲ್ಲ. "ಏನು ಕುಡಿಸಿದಿರಿ?" ಎಂದರು.

"ಏನೂ ಇಲ್ಲ ಬುದ್ಧಿ," ಎಂದಳು ನಿಂಗಮ್ಮ. "ಒಂದ್ ತೊಟ್ಟು ನೀರೂ ಕುಡ್ಸಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿ, "ಏನೋ ಕುಡಿಸಿದ್ದಾರೆ," ಎಂದರು.

ಈ ಡಾಕ್ಟರು ತೀರಿಕೊಂಡರೆಂಬ ಸುದ್ದಿ ಹೋದ ತಿಂಗಳು ಬಂತು. ತಂದವರ ಮಾತನ್ನು ನಂಬದೆ ಇನ್ನೊಂದು ಕಡೆ ವಿಚಾರಿಸಿ ಖಾತ್ರಿ ಮಾಡಿಕೊಂಡೆ. ಅದು ಅವರಿಂದಲೇ ಬಂದ ಗುಣ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಿದ್ದರೆ, ಹೆಸರು ಹಾಕಿ ಹೊಗಳಿದವರು ಏನೋ ಕೇಳಲು ಬಂದಿದ್ದಾರೆ ಎನ್ನುತ್ತಿದ್ದರು.

ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಅವರು ಮದ್ದೂರಿಗೆ ವರ್ಗವಾಗಿ ಬಂದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಸೈಕಲ್ಲು. ಸಂಸಾರವಿರಲಿಲ್ಲ. ಯಾವ ಊರು ಎಂದು ಕೇಳಿದವರಿಗೆ "ಮೈಸೂರು ಸೀಮೆ" ಎನ್ನುತ್ತಿದ್ದರು. ಮೈಸೂರು ಸೀಮೆಯಲ್ಲಿ ನಿಂತು ಹೇಳುವ ಉತ್ತರವೇ ಅದು? ಊರಿಗೆ ಅನುಮಾನ ಬಂತು. ಅದಕ್ಕಿಂತ ಹೆಚ್ಚು ಅನುಮಾನ ತಂದದ್ದು ಅವರ ಊಟ. ಅವರು ಯಾರ ಮನೆಯಲ್ಲೂ ಏನನ್ನೂ ತಿನ್ನುತ್ತಿರಲಿಲ್ಲ. ಕುಕ್ಕರಿನ ಹಾಗೆ ಒಂದರ ಮೇಲೊಂದು ಕೂರುವ ಡಬ್ಬಿಗಳಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಊರಿನ ಸಾಹುಕಾರರ ಮಗಳ ಮದುವೆಗೆ ಹೋಗಿ ಒಂದು ಬಾಳೆಹಣ್ಣನ್ನು ಆರಿಸಿಕೊಂಡು, ತಾವೇ ಸುಲಿದು ತಿಂದು, ಕೈ ಮುಗಿದು ಬಂದರು. "ಸಿಪ್ಪೆ ಇರೋದನ್ನ ಮಾತ್ರ ನಂಬಬಹುದು," ಎಂದು ನನಗೆ ಹೇಳಿದರು.

ಜನ ಅದನ್ನು ಮಡಿ ಎಂದುಕೊಂಡರು. ಕೆಲವರು ದಾಯಾದಿಗಳು ಯಾರೋ ಹಿಂದೆ ವಿಷ ಹಾಕಿದ್ದರಂತೆ ಎಂದರು. ಗಫಾರ್ ಸಾಹೇಬರ ಊಹೆ ಬೇರೆ: "ಇವ್ರಿಗೆ ಯಾರೋ ಹತ್ರದವ್ರು ಹೊಟ್ಟೆನೋವಲ್ಲೇ ಹೋಗಿರ್ಬೇಕು ಅಮ್ಮ. ಹೊಟ್ಟೆ ಅಂದ್ರೆ ಸಾಕು, ಆದ್ಮಿ ಕಣ್ಣೇ ಬೇರೆ ಆಗುತ್ತೆ." ಇದರಲ್ಲಿ ಯಾವುದು ನಿಜವೋ ನನಗೆ ಈವತ್ತಿಗೂ ಗೊತ್ತಿಲ್ಲ. ನಾನು ಕಂಡದ್ದು ಇಷ್ಟು: ಅವರು ಮೈಲಿಗೆಗೆ ಹೆದರಿದವರಲ್ಲ, ನೊಣಕ್ಕೆ ಹೆದರಿದವರು.

ಮೊದಲ ಕೆಲವು ವಾರ ಅವರು ನನ್ನನ್ನೂ ಅನುಮಾನಿಸಿದರು. ಸಿರಿಂಜುಗಳನ್ನು ಕುದಿಸುವ ಪಾತ್ರೆಯ ಮುಚ್ಚಳ ತೆಗೆದು, "ಗುಳ್ಳೆ ಬರೋಕೆ ಶುರುವಾಗಿದ್ದು ಯಾವಾಗ? ಒಲೆ ಹಚ್ಚಿದ ಹೊತ್ತು ಬೇಡ, ಗುಳ್ಳೆ ಬಂದ ಹೊತ್ತು ಹೇಳಿ," ಎನ್ನುತ್ತಿದ್ದರು. ಕಟ್ಟುನಿಟ್ಟಿನ ಮೇಟ್ರನ್ ಕೈಕೆಳಗೆ ಕಲಿತು ಬಂದ ನನಗೆ ಅದು ಅವಮಾನವೆನಿಸಿತು. ನನಗೂ ಅವರ ಮೇಲೆ ಅನುಮಾನ ಹುಟ್ಟಿತು. ಇಷ್ಟು ನಂಬದವನು ತಾನೇ ಏನೋ ಮುಚ್ಚಿಟ್ಟಿರಬೇಕು ಎಂದುಕೊಂಡೆ. ಆಮೇಲೆ ಒಂದು ದಿನ, ಔಷಧದ ಬೀರುವಿಗೆ ಬೀಗ ಹಾಕಿ ಗೇಟಿನವರೆಗೆ ಹೋದವರು ವಾಪಸು ಬಂದು ಬೀಗವನ್ನು ಜಗ್ಗಿ ನೋಡಿದ್ದನ್ನು ಕಂಡೆ. ತಮ್ಮ ಕೈಯನ್ನೇ ನಂಬದ ಮನುಷ್ಯ ನನ್ನ ಕೈಯನ್ನು ನಂಬದಿದ್ದರೆ ತಪ್ಪೇನು ಎಂದು ಸುಮ್ಮನಾದೆ.

ಹೊಟ್ಟೆನೋವಿನವರು ಬಂದರೆ ಅವರು ಕೋಣೆಯ ಕಿಟಕಿಯ ಹಿಂದೆ ನಿಂತು, ಗೇಟಿನಿಂದ ಜಗುಲಿಯವರೆಗೆ ರೋಗಿ ಹೇಗೆ ನಡೆದು ಬರುತ್ತಾನೆ ಎಂದು ನೋಡುತ್ತಿದ್ದರು. ಬಗ್ಗಿ, ಒಂದು ಕೈಯನ್ನು ಬಲ ತೊಡೆಯ ಸಂದಿಯ ಮೇಲಿಟ್ಟುಕೊಂಡು, ಹೆಜ್ಜೆ ಜೋರಾಗಿ ಬೀಳದ ಹಾಗೆ ಬರುವವನನ್ನು ಸರದಿ ಬಿಡಿಸಿ ಒಳಗೆ ಕರೆಯುತ್ತಿದ್ದರು. ಹೊಟ್ಟೆ ಮುಟ್ಟುವ ಮೊದಲು ಬಿಸಿನೀರಿನ ಲೋಟ ಹಿಡಿದು ಅಂಗೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. "ತಣ್ಣನೆ ಕೈಗೆ ಎಲ್ಲಾ ಹೊಟ್ಟೆನೂ ಗಟ್ಟಿಯಾಗುತ್ತೆ." ನೋವಿಲ್ಲದ ಕಡೆಯಿಂದ ಶುರುಮಾಡಿ, ಎತ್ತು ಎಷ್ಟು ಹಲ್ಲಿನದು, ಕಬ್ಬು ಕಡಿದಾಯಿತೆ ಎಂದು ಮಾತಾಡಿಸುತ್ತ, ಕಣ್ಣನ್ನು ಹೊಟ್ಟೆಯ ಮೇಲಲ್ಲ, ಮುಖದ ಮೇಲೆ ಇಡುತ್ತಿದ್ದರು. ಆಮೇಲೆ ಕೆಮ್ಮು ಎನ್ನುತ್ತಿದ್ದರು. ಕೆಮ್ಮಿದಾಗ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ನೋವು. "ಬಾಯಿ ಸುಳ್ಳು ಹೇಳಬಹುದು, ಕೈ ಹೇಳಲ್ಲ."

ಒಬ್ಬ ಪೇದೆ ಬಂದ. ಹೊಟ್ಟೆನೋವು, ಜ್ವರ, ರಜಕ್ಕೆ ಚೀಟಿ ಬೇಕು. ನಾನು ಥರ್ಮಾಮೀಟರ್ ಇಟ್ಟೆ. ಜ್ವರ ಇತ್ತು. ಡಾಕ್ಟರು ಒಂದು ಕಾಲಿನಲ್ಲಿ ಕುಪ್ಪಳಿಸು ಎಂದರು. ಅವನು ಕುಂಟೋಬಿಲ್ಲೆ ಆಡುವ ಹುಡುಗಿಯ ಹಾಗೆ ಕುಪ್ಪಳಿಸಿದ. ಅವರು ಅವನ ಹತ್ತಿರ ಹೋಗಿ ಮೂಗೆಳೆದುಕೊಂಡು, "ಈಗ ಸಂತೇಲಿ ಈರುಳ್ಳಿ ಹೇಗೆ?" ಎಂದು ಕೇಳಿದರು. ಅವನು ತಲೆ ತಗ್ಗಿಸಿ ಕಂಕುಳಿಂದ ಎರಡು ತುಂಡು ಈರುಳ್ಳಿ ತೆಗೆದು ಮೇಜಿನ ಮೇಲಿಟ್ಟ. ಗಫಾರ್ ಸಾಹೇಬರು ನಕ್ಕು ನಕ್ಕು ಮಿಕ್ಸ್ಚರು ಚೆಲ್ಲಿದರು. ಡಾಕ್ಟರು ನಗಲಿಲ್ಲ. "ಸಂಜೆವರೆಗೆ ಹೊಂಗೆ ಮರದ ಕೆಳಗೆ ಕೂತಿರು. ಇನ್ನೊಂದು ಸಲ ನೋಡ್ತೀನಿ," ಎಂದರು.

"ಕಳ್ಳ ಅಂತ ಗೊತ್ತಾಯ್ತಲ್ಲ ಸಾರ್, ಇನ್ಯಾಕೆ?" ಎಂದರು ಸಾಹೇಬರು.

"ಕಳ್ಳನಿಗೂ ಹೊಟ್ಟೆನೋವು ಬರಬಹುದು."

ಒಂದೇ ಸಲ ಮುಟ್ಟಿ ಹೊಟ್ಟೆಯ ತೀರ್ಮಾನ ಮಾಡಬಾರದು ಎಂಬುದು ಅವರ ಹಟ. ಬೆಳಗ್ಗೆ ಮೆತ್ತಗಿದ್ದದ್ದು ಮಧ್ಯಾಹ್ನಕ್ಕೆ ಬಿಗಿಯಬಹುದು. ಹೊಂಗೆ ಮರದ ಕೆಳಗೆ ಯಾವಾಗಲೂ ಇಬ್ಬರೋ ಮೂವರೋ ಎರಡನೆಯ ಪರೀಕ್ಷೆಗೆ ಕಾದು ಕೂತು ಡಾಕ್ಟರನ್ನು ಬೈಯುತ್ತಿರುತ್ತಿದ್ದರು.

ನಾಲೆ ಬಂದ ಮೇಲೆ ಮಂಡ್ಯದ ಸುತ್ತ ಜ್ವರ ಎಂದರೆ ಮಲೇರಿಯ, ಔಷಧ ಎಂದರೆ ಕ್ವಿನೈನು ಎಂದು ರೂಢಿಯಾಗಿತ್ತು. ಇವರಿಗೆ ಆ ರೂಢಿಯ ಮೇಲೇ ಅನುಮಾನ. ಚಳಿ ಬಿಟ್ಟು ಬಿಟ್ಟು ಬರುತ್ತದೆಯೋ, ಜ್ವರ ದಿನದಿನಕ್ಕೆ ಮೆಟ್ಟಿಲು ಹತ್ತುತ್ತದೆಯೋ ಎಂದು ಕೆದಕುತ್ತಿದ್ದರು. ಮೆಟ್ಟಿಲು ಹತ್ತುವ ಜ್ವರವಾದರೆ ನಾಲಗೆ ನೋಡಿ, ವಿಷಮಶೀತ ಜ್ವರ ಎಂದು ಬರೆದು, ಮನೆಯವರಿಗೆ ಒಂದೇ ಮಾತು ಹೇಳುತ್ತಿದ್ದರು: ಈ ಜ್ವರದ ನಡುವೆ ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಕಿತ್ತುಕೊಂಡರೆ, ಇಲ್ಲವೇ ಮಲ ಡಾಂಬರಿನ ಹಾಗೆ ಕಪ್ಪಗೆ ಹೋದರೆ, ಬೆಳಗಾಗಲಿ ಎನ್ನಬೇಡಿ, ಗಾಡಿ ಕಟ್ಟಿ. ಹೆಂಡದ ಗುತ್ತಿಗೆಯವನೊಬ್ಬ ಬಲ ಪಕ್ಕೆಯ ಕೆಳಗೆ ನೋವು, ಜ್ವರ, ಬಲ ಭುಜವೂ ನೋಯುತ್ತದೆ ಎಂದಾಗ, ಭುಜಕ್ಕೆ ಎಣ್ಣೆ ಕೇಳಿದವನನ್ನು ಯಕೃತ್ತಿನಲ್ಲಿ ಕೀವು ಎಂದು ಮೈಸೂರಿಗೆ ಕಳಿಸಿದರು. ಗೆಜ್ಜಲಗೆರೆಯ ಒಂದು ಮಗು ಹೊಟ್ಟೆ ಹಿಡಿದುಕೊಂಡು ಅಳುತ್ತ ಬಂತು. ಎಲ್ಲರೂ ಜಂತುಹುಳ ಎಂದರು. ಇವರು ಹೊಟ್ಟೆ ಬಿಟ್ಟು ಮೂಗಿನ ಹೊಳ್ಳೆ ನೋಡಿದರು. ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ಕಾಯಿಲೆ ಇದ್ದದ್ದು ಎದೆಯಲ್ಲಿ. ಮಕ್ಕಳಿಗೆ ನೋವಿನ ವಿಳಾಸ ಗೊತ್ತಿಲ್ಲ ಎಂದರು.

ಅವರು ಗೆದ್ದದ್ದನ್ನೇ ಹೇಳಿದರೆ ಸುಳ್ಳಾದೀತು. ಬಾಣಂತಿಯೊಬ್ಬಳು ಜ್ವರ ಬಂದು, ಕಿಬ್ಬೊಟ್ಟೆ ನೊಂದು, ಕತ್ತಲೆ ಕೋಣೆಯಿಂದ ಹೊರಗೆ ತರಬಾರದೆಂದು ಶಾಸ್ತ್ರದ ದಿನ ಮುಗಿಯುವವರೆಗೆ ಮನೆಯಲ್ಲೇ ಇದ್ದು, ಕೊನೆಗೆ ಬಂದಾಗ ಅವಳ ಕೈ ತಣ್ಣಗಾಗಿತ್ತು. ಅವಳ ದೇಹವನ್ನು ಮನೆಯವರ ಜೊತೆ ಕಳುಹಿಸಿಕೊಟ್ಟ ಮೇಲೆ ಡಾಕ್ಟರು ಸೈಕಲ್ಲು ಹತ್ತಿ ರೈಲು ಸ್ಟೇಷನ್ನಿಗೆ ಹೋದರು. ರೈಲು ಹತ್ತಿ ಹೊರಟೇಬಿಟ್ಟರೇನೋ ಎಂದುಕೊಂಡೆ. ಅಲ್ಲಿ ಜಟಕಾದವರನ್ನೆಲ್ಲ ಸೇರಿಸಿ ಪಾಠ ಮಾಡಿದರಂತೆ. ಜ್ವರದ ಜೊತೆ ಹೊಟ್ಟೆನೋವು, ನೆಟ್ಟಗೆ ನಿಲ್ಲಲಾಗದವರು, ಕುಡಿದದ್ದೆಲ್ಲ ವಾಂತಿ ಮಾಡುವವರು, ಹೊಟ್ಟೆ ಹಲಗೆಯಾದವರು, ಮಲದಲ್ಲಿ ರಕ್ತ ಕಂಡವರು, ಗಾಳಿಯೂ ಹೋಗದವರು ಯಾರು ಸಿಕ್ಕರೂ ನೆಂಟರ ಮನೆಗೆ ಬಿಡಬೇಡಿ, ಆಸ್ಪತ್ರೆಗೆ ತನ್ನಿ. ಬಸುರಿ ಬಾಣಂತಿಯರಾದರೆ ಜ್ವರ, ನೋವು ಎರಡೇ ಸಾಕು, ಬೇರೆ ಗುರುತು ಕಾಯಬೇಡಿ.

ಒಬ್ಬ ಜಟಕಾದವನು ಕೇಳಿದನಂತೆ: "ಬುದ್ಧಿ, ಗಾಳಿ ಓಯ್ತಾ ಅಂತ ಸವಾರೀನ ಕೇಳಕ್ಕಾಯ್ತದಾ?"

"ಕೇಳು. ಬೈದರೆ ಡಾಕ್ಟರು ಕೇಳು ಅಂದರು ಅನ್ನು."

ಈಗ ಸೋಮವಾರದ ಗಾಡಿಗೆ ಬರುತ್ತೇನೆ.

ಮರೀಗೌಡನನ್ನು ಒಳಗೆ ಮಲಗಿಸಿದೆವು. ಜ್ವರವಿತ್ತು. ನೋವು ಮೊದಲು ಹೊಕ್ಕುಳ ಸುತ್ತ ಬಂದು, ಮಾರನೆಯ ದಿನ ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ಕೂತಿತ್ತು. ಬಲಗಾಲು ಚಾಚಿಸಿದರೆ ಮುಖ ಕಿವುಚುತ್ತಿದ್ದ. ಡಾಕ್ಟರು ಅವನ ಬಾಯಿ ಮೂಸಿದರು, ಅಂಗಿ ಮೂಸಿದರು, ಆಮೇಲೆ ಹೊರಗೆ ಹೋಗಿ ಗಾಡಿಯ ಹುಲ್ಲನ್ನು ಕೆದಕಿದರು. ಹುಲ್ಲಿನ ಕೆಳಗಿಂದ ಹರಳೆಣ್ಣೆಯ ಸೀಸೆಯೂ ಒಂದು ಬಟ್ಟೆಯ ಗಂಟೂ ಸಿಕ್ಕಿದವು. ಗಂಟಿನಲ್ಲಿ ನೆಲ್ಲಿಕಾಯಷ್ಟು ಕಪ್ಪು ಉಂಡೆ.

ನಿಂಗಮ್ಮ ಆಗ ಬಾಯಿ ಬಿಟ್ಟಳು. "ಮದ್ದು ಕಣ್ ಬುದ್ಧಿ. ನನ್ ಮಗೀಗೆ ಮದ್ದಿಕ್ಕವ್ಳೆ."

ಮದ್ದು ಇಕ್ಕುವುದೆಂದರೆ ಅನ್ನದಲ್ಲೋ ಮುದ್ದೆಯಲ್ಲೋ ವಶೀಕರಣದ ವಿಷ ಬೆರೆಸುವುದು. ಹೊಟ್ಟೆನೋವಿಗೆ ಕಾರಣ ಕಾಣದಿದ್ದಾಗ ಈ ಸೀಮೆಯಲ್ಲಿ ಮೊದಲು ಹುಡುಕುತ್ತಿದ್ದದ್ದು ಇಕ್ಕಿದವರನ್ನು. ಮನೆಗೆ ಹೊಸದಾಗಿ ಬಂದ ಹೆಣ್ಣಿದ್ದರೆ ಹುಡುಕುವ ಶ್ರಮವೂ ಇಲ್ಲ. ಮದ್ದು ತೆಗೆಯುವವರು ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ವಾಂತಿಯಿಂದ ಒಂದು ಉಂಡೆ ಎತ್ತಿ ತೋರಿಸುತ್ತಿದ್ದರು. ಮಳವಳ್ಳಿ ಕಡೆಯ ಅಂಥವನೊಬ್ಬ ನಿಂಗಮ್ಮನ ಮನೆಗೇ ಬಂದು ಈ ಉಂಡೆ ತೆಗೆದುಕೊಟ್ಟಿದ್ದ. ಇನ್ನರ್ಧ ಒಳಗೇ ಇದೆ, ಹರಳೆಣ್ಣೆ ಕುಡಿಸಿ ಇಳಿಸಿ ಎಂದಿದ್ದ.

"ಎಣ್ಣೆ ಕುಡಿಸಿದಿರಾ?" ಡಾಕ್ಟರ ದನಿ ಏರಿತು.

"ಎಲ್ಲಿ ಕುಡ್ಸಕ್ಕೆ ಬುಟ್ಲು ಈ ಮಾರಾಯ್ತಿ? ಬಟ್ಟಲ್ನೇ ಒದ್ಬುಟ್ಲು. ಮದ್ದು ಈಚೀಗ್ ಬಂದ್ರೆ ಇವ್ಳ ಬಂಡ್ವಾಳ ಬಯಲಾಯ್ತದಲ್ಲ, ಅದುಕ್ಕೆ. ಆಸ್ಪತ್ರೆಗ್ ಕರ್ಕೊಂಡ್ ನಡೀರಿ ಅಂತ ಅಂಬಲ್ಸಿದ್ದೂ ಇವ್ಳೆ. ಕುಯ್ಸಿ ಸಾಯ್ಸಕ್ಕೆ."

ಪುಟ್ಟತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಕುಡ್ದಿದ್ದೆಲ್ಲ ಕಕ್ತಿತ್ತು. ಇನ್ನೂ ಕುಡೀಲಾರ್ನೆ ಅಂತಿತ್ತು. ಅದುಕ್ಕೆ ಒದ್ದೆ," ಎಂದಳು. ಅಷ್ಟೇ.

ಡಾಕ್ಟರು ಅವಳನ್ನು ಒಂದು ಗಳಿಗೆ ನೋಡಿ, ಸೀಸೆಯನ್ನು ನನ್ನ ಕೈಗೆ ಕೊಟ್ಟರು. ಈ ನೋವಿಗೆ ಭೇದಿಗೆ ಕೊಟ್ಟಿದ್ದರೆ ಕರುಳಿನ ತುದಿ ಒಡೆದು ಗಾಡಿಯಲ್ಲೇ ಮುಗಿಯಬಹುದಾಗಿತ್ತು. ಕರುಳಿನ ಒಂದು ಮೂಲೆಯಲ್ಲಿ ಬೆರಳಿನಷ್ಟು ಬಾಲ ಇರುತ್ತದೆ, ಅದು ಕೀವು ತುಂಬಿ ಊದಿದೆ, ಈವತ್ತೇ ಮಂಡ್ಯದಲ್ಲಿ ಕುಯ್ಯಿಸಬೇಕು ಎಂದರು. ನಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. ಮಗನನ್ನು ಗಾಡಿಗೆ ಹಾಕಿ ಎಂದಳು.

ಬೇರೆ ಡಾಕ್ಟರಾಗಿದ್ದರೆ ಗದರಿಸುತ್ತಿದ್ದರು. ಇವರಿಗೆ ನಂಬದವರ ಮೇಲೆ ಗೌರವವಿತ್ತು. "ನನ್ನ ಮಾತು ನಂಬಬೇಡಿ. ನೀವೇ ನೋಡಿ," ಎಂದು ಅವಳ ಕೈಯನ್ನು ಬಿಸಿನೀರಿನಲ್ಲಿ ತೊಳೆಸಿ, ಮಗನ ಹೊಟ್ಟೆಯ ಎಡಗಡೆ ಮೆಲ್ಲಗೆ ಇಡಿಸಿದರು. ಮೆತ್ತಗಿತ್ತು. ಬಲಗಡೆ ಇಡಿಸಿದರು. ಅವಳು ಕೈ ಕಿತ್ತುಕೊಂಡಳು. ಹಲಗೆ ಮುಟ್ಟಿದ ಹಾಗಾಗಿತ್ತು.

"ಎಷ್ಟೊತ್ಗೆ ರೈಲು?" ಎಂದಳು.

ಡಾಕ್ಟರು ನನ್ನನ್ನು ಜೊತೆಗೆ ಕಳಿಸಿದರು. ಒಂದು ಗುಟುಕು ನೀರೂ ಬೇಡ ಎಂದು ಅಪ್ಪಣೆ. ರೈಲಿನಲ್ಲಿ ನಿಂಗಮ್ಮ ಸೊಸೆಯನ್ನು ಆಚೆ ಮೂಲೆಗೆ ಕೂರಿಸಿದಳು. ತಾನು ಎಳನೀರು ಹಿಡಿದು ಮಗನ ಬಾಯಿಗೆ ತಂದಾಗ ನಾನು ಕೈ ಅಡ್ಡ ಇಟ್ಟೆ. "ನೀನೂ ಅವ್ಳ್ ಕಡೆಯೋಳೆಯಾ ನರ್ಸಮ್ಮ?" ಎಂದಳು. ಮಂಡ್ಯದವರೆಗೆ ಆ ಎಳನೀರನ್ನು ಅವಳೂ ಕುಡಿಯಲಿಲ್ಲ, ಚೆಲ್ಲಲೂ ಇಲ್ಲ.

ಅವನು ಉಳಿದ. ಇನ್ನು ಕೆಲವು ಗಂಟೆ ತಡವಾಗಿದ್ದರೆ ಒಡೆಯುತ್ತಿತ್ತು ಎಂದರು ಅಲ್ಲಿಯ ಸರ್ಜನ್ನರು. ನಮ್ಮ ಡಾಕ್ಟರ ಕೋರಿಕೆಯ ಮೇರೆಗೆ, ತೆಗೆದ ಬಾಲವನ್ನು ಸ್ಪಿರಿಟ್ಟಿನ ಬಾಟಲಿಯಲ್ಲಿ ಹಾಕಿ ನನ್ನ ಕೈಯಲ್ಲೇ ಕಳಿಸಿದರು.

ಇಲ್ಲಿ ನಮ್ಮ ಡಾಕ್ಟರು ಒಂದು ತಪ್ಪು ಮಾಡಿದರು. ಕಣ್ಣಿಂದ ಕಂಡರೆ ಅನುಮಾನ ಹೋಗುತ್ತದೆ ಎಂದು ನಂಬಿದ್ದರು. ಅವರು ನಂಬಿದ್ದ ಕೆಲವೇ ಸಂಗತಿಗಳಲ್ಲಿ ಅದೊಂದು.

ಮರೀಗೌಡ ಬಿಡುಗಡೆಯಾಗಿ ಗಾಯ ತೋರಿಸಲು ತಾಯಿ, ಹೆಂಡತಿಯ ಜೊತೆ ಮದ್ದೂರಿಗೆ ಬಂದ ದಿನ, ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು. ಉಂಡೆಯ ಗಂಟನ್ನೂ ಬಿಚ್ಚಿಟ್ಟರು. ಅದನ್ನು ಮೊದಲೇ ನೀರಿನಲ್ಲಿ ಬಿಡಿಸಿದ್ದರು: ಮೇಣ, ಅಡಿಕೆ ಚೂರು, ಆಡಿನ ಕೂದಲು. "ಇದು ಮದ್ದು ತೆಗೆಯುವವನ ಕೈಯಲ್ಲಿ ಬಂದದ್ದು. ಇದು ನಿಮ್ಮ ಮಗನ ಹೊಟ್ಟೇಲಿ ಇದ್ದದ್ದು. ನೋಡಿ."

ನಿಂಗಮ್ಮ ಉಂಡೆಯ ಕಡೆ ನೋಡಲೇ ಇಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಳಗೆ ಊದಿದ, ಕಪ್ಪುಗೆಂಪಿನ, ಹುಳುವಿನಂಥದ್ದು.

"ನಾ ಏಳ್ನಿಲ್ವಾ," ಎಂದಳು. "ಇನ್ನರ್ಧ ಒಳಗೈತೆ ಅಂತ ಅವ್ನು ಅಂದಿದ್ದು ದಿಟವೇಯ."

ಗಫಾರ್ ಸಾಹೇಬರು ಯಾ ಅಲ್ಲಾ ಎಂದು ಹಣೆ ಮುಟ್ಟಿಕೊಂಡರು.

"ಅದು ಮದ್ದಲ್ಲಮ್ಮ. ಎಲ್ಲರ ಹೊಟ್ಟೇಲೂ ಇರುತ್ತೆ. ನನಗೂ ಇದೆ, ನಿಮಗೂ ಇದೆ."

"ನಂಗೂ ಐತಾ?" ಅವಳು ಸ್ವಲ್ಪ ಯೋಚಿಸಿದಳು. "ಇದ್ರೂ ಇರ್ಬೋದು ಬುಡಿ. ನಮ್ಮತ್ತೆ ಏನ್ ಕಮ್ಮಿಯೋಳಲ್ಲ."

ಡಾಕ್ಟರು ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ಮರೀಗೌಡ, "ಸುಮ್ಕಿರವ್ವ," ಎಂದ. ಆದರೆ ಅವನೂ ಹೆಂಡತಿಯ ಕಡೆ ನೋಡಲಿಲ್ಲ. ಅದನ್ನು ನಾನು ನೋಡಿದೆ, ಡಾಕ್ಟರೂ ನೋಡಿದರು.

ಪುಟ್ಟತಾಯಿ ಹೋಗುವಾಗ ಹಿಂದೆ ಉಳಿದು ನನ್ನ ಹತ್ತಿರ ಬಂದಳು. "ನರ್ಸಮ್ಮ, ನಾನ್ ಬೇಯ್ಸಿದ್ನ ನಾಯ್ಗೂ ಆಕಕ್ಕೆ ಬುಡಾಕಿಲ್ಲ. ಮದ್ದಿನೋಳು ಅಂತ ಬಾವೀತಾವ ಕೊಡ ತಕೊಂಡು ದೂರ ನಿಂತ್ಕತರೆ. ಅಮಾಸೆ ಕಳೆದ್ರೆ ತೌರಿಗ್ ಅಟ್ತರಂತೆ. ತೌರ್ನೋರು ಮಾತ್ರ ಎಂಗ್ ಉಂಡಾರು ನನ್ ಕೈಲಿ?"

ಡಾಕ್ಟರು ಕಿಟಕಿಯ ಹಿಂದೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿರಬೇಕು. ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ದಿನ ಬೀಗ ಜಗ್ಗಿ ನೋಡಲು ವಾಪಸು ಬರಲಿಲ್ಲ.

ಅಮಾವಾಸ್ಯೆಗೆ ಮುಂಚಿನ ಭಾನುವಾರ. ಹನ್ನೊಂದು ಗಂಟೆ. ಮರೀಗೌಡನ ಮನೆಯ ನಡುಮನೆ. ಹಾಜರಿದ್ದವರು: ಡಾಕ್ಟರು, ನಾನು, ಮನೆಯವರು ಮೂವರು, ಬಾಗಿಲಲ್ಲಿ ಅರ್ಧ ಊರು. ಗಾಯ ನೋಡಲು ಬಂದಿದ್ದೇವೆ ಎಂದು ನನಗೆ ತಿಳಿಸಿದ್ದರು. ಗಾಯ ಮಾಗಿತ್ತು. ಗಾಯ ನೋಡಿದ ಮೇಲೆ ಅವರು ಏಳಲಿಲ್ಲ. ಗೋಡೆಗೆ ಒರಗಿ, "ಹಸಿವಾಗಿದೆ. ನಿಮ್ಮ ಸೊಸೆ ಕೈಲಿ ಏನಾದರೂ ಮಾಡಿಸಿ," ಎಂದರು.

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಸಾಹುಕಾರರ ಮದುವೆಯ ಬಾಳೆಹಣ್ಣಿನ ಕಥೆ ಆ ಹಳ್ಳಿಗೂ ಗೊತ್ತಿತ್ತು.

"ನಾನೇ ಮಾಡಿಕ್ತೀನಿ ಬುಡಿ ಬುದ್ಧಿ," ಎಂದಳು ನಿಂಗಮ್ಮ.

"ನೀವಲ್ಲ. ಆಕೆ."

"ಬ್ಯಾಡಿ. ಓದ್ದೋರು ನೀವು, ನಾಳೀಕ್ ಏನಾರಾ ಎಚ್ಚುಕಮ್ಮಿ ಆದ್ರೆ..."

"ಆದರೆ ನೀವು ಹೇಳಿದ್ದು ನಿಜ ಅಂತ ಆಗುತ್ತೆ."

ಪುಟ್ಟತಾಯಿ ಒಲೆ ಹೊತ್ತಿಸಿದಳು. ಆಮೇಲೆ ನಡೆದದ್ದು ನನಗೆ ದಿಗಿಲು ಹುಟ್ಟಿಸಿತು. ಡಾಕ್ಟರು ಎದ್ದು ಅಡಿಗೆಮನೆಯ ಹೊಸಿಲಿನಲ್ಲಿ ನಿಂತರು. ನೀರು ಯಾವ ಬಾವಿಯದು ಎಂದರು. ಕುದಿಯಲಿ, ಇನ್ನೂ ಕುದಿಯಲಿ ಎಂದರು. ಕೈಯನ್ನು ಬೂದಿ ಹಾಕಿ ಮೊಣಕೈವರೆಗೆ ತೊಳೆಯಿಸಿದರು. ತಟ್ಟೆಗೆ ಬಿಸಿನೀರು ಹುಯ್ಯಿಸಿದರು. ಒಂದು ನೊಣವನ್ನು ಟವೆಲಿನಿಂದ ಅಟ್ಟಿಸಿಕೊಂಡು ಹೋದರು. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೋಡ್ಲಾ, ಡಾಕ್ಟ್ರುಗೂ ಅನ್ಮಾನ ಕಣ್ಲಾ," ಎಂದ ಒಬ್ಬ. ಪುಟ್ಟತಾಯಿಯ ಕೈಯಲ್ಲಿದ್ದ ಮುದ್ದೆಕೋಲು ನಿಂತಿತು.

ಡಾಕ್ಟರು ತಿರುಗಿ ಹೇಳಿದರು: "ಬಾವಿ ಮೇಲೆ ಅನುಮಾನ, ನೊಣದ ಮೇಲೆ ಅನುಮಾನ. ನಮ್ಮ ತಾಯಿ ಅಡಿಗೆ ಮಾಡಿದರೂ ಹೀಗೇ ನಿಂತಿರುತ್ತಿದ್ದೆ. ತಿರುವಮ್ಮ, ಗಂಟು ಕಟ್ಟುತ್ತೆ."

ಅವಳು ತಿರುವಿದಳು.

ಹಬೆಯಾಡುವ ಮುದ್ದೆ, ಉಪ್ಸಾರು, ಪಕ್ಕದಲ್ಲಿ ಖಾರ. ಡಾಕ್ಟರು ತಟ್ಟೆಯ ಮುಂದೆ ಕೂತರು. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ಅನ್ನದ ಹಾಗೆ ಅಗಿಯತೊಡಗಿದರು. ಅಗಿದರು, ಅಗಿದರು. ಮುದ್ದೆ ಹಲ್ಲಿಗೆ ಮೆತ್ತಿ, ದವಡೆ ಕಟ್ಟಿ, ಕಣ್ಣಲ್ಲಿ ನೀರು ಬಂತು. ಹಿಂದೆ ಯಾರೋ ಕಿಸಕ್ಕೆಂದರು. ಎರಡನೆಯ ತುತ್ತನ್ನೂ ಹಾಗೇ ಅಗಿದರು.

ನಿಂಗಮ್ಮನಿಗೆ ಆ ನೋಟ ಸಹಿಸಲಾಗಲಿಲ್ಲ. ಮದ್ದನ್ನಾದರೂ ಸಹಿಸಿಯಾಳು, ಮುದ್ದೆಗೆ ಇಂಥ ಅಪಚಾರವನ್ನಲ್ಲ. "ಅಗೀಬ್ಯಾಡಿ ಬುದ್ಧಿ, ನುಂಗಿ," ಎಂದಳು.

"ಹೇಗೆ?"

"ಅಯ್ಯೋ, ಇಂಗೆ. ಇಟ್ಟು ಮುರೀರಿ. ಉಂಡೆ ಮಾಡಿ. ಸಾರ್ನಾಗ್ ಒಳ್ಳಾಡ್ಸಿ. ಗುಳಕ್ ಅಂತ ಬುಡಿ."

ಅವರು ಮತ್ತೆ ಅಗಿದರು. "ಬರ್ತಾ ಇಲ್ಲವಲ್ಲಮ್ಮ."

"ಇಲ್ನೋಡಿ ಅತ್ಲಾಗಿ," ಎಂದು ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು, ಪಾತ್ರೆಯಿಂದ ಒಂದು ತುತ್ತು ಮುರಿದು, ಹೆಬ್ಬೆರಳಲ್ಲಿ ಗುಂಡಗೆ ಮಾಡಿ, ಸೊಸೆಯ ಸಾರಿನಲ್ಲಿ ಹೊರಳಿಸಿ, ನಿಂಗಮ್ಮ ನುಂಗಿಬಿಟ್ಟಳು.

ನುಂಗಿದ ಮೇಲೆ ಅವಳಿಗೆ ಅರಿವಾಯಿತು. ಬೆರಳು ಬಾಯಿಯ ಹತ್ತಿರವೇ ನಿಂತಿತು. ಪುಟ್ಟತಾಯಿ ಒಲೆಯ ಮುಂದಿನಿಂದ ಕದಲಲಿಲ್ಲ. ನಿಂಗಮ್ಮ ನಾಲಗೆಯನ್ನು ಒಸಡಿಗೆ ಒಮ್ಮೆ ಆಡಿಸಿ ರುಚಿ ನೋಡಿದಳು.

"ಉಪ್ಪು ಒಂದ್ ಕಲ್ಲು ಕಮ್ಮಿ ಆಗದೆ ಕಣಮ್ಮಿ," ಎಂದಳು.

"ಆಕ್ತೀನಿ ಅತ್ತೆ," ಎಂದಳು ಪುಟ್ಟತಾಯಿ.

ಮರೀಗೌಡ ಗೋಡೆ ಹಿಡಿದು ಎದ್ದು ಬಂದು ಡಾಕ್ಟರ ಪಕ್ಕದಲ್ಲಿ ಕೂತ. "ನಂಗೂ ಇಕ್ಕು," ಎಂದ. ಡಾಕ್ಟರು ಅವನಿಗೆ ಅರ್ಧ ಮುದ್ದೆ ಸಾಕು, ಖಾರ ಬೇಡ ಎಂದರು.

ವಾಪಸು ಬರುವಾಗ ಜಟಕಾದಲ್ಲಿ ಒಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ಕೊನೆಯಲ್ಲಿ, ಎಲ್ಲರೂ ಮರೀಗೌಡನ ಕಡೆ ನೋಡುತ್ತಿದ್ದಾಗ, ಡಾಕ್ಟರ ತಟ್ಟೆಯಲ್ಲಿ ಉಳಿದಿದ್ದ ಮುಕ್ಕಾಲು ಮುದ್ದೆ ಒಂದೇ ಸಮನೆ ಖಾಲಿಯಾಗಿತ್ತು. ಆಗ ದವಡೆ ಆಡಿದ್ದು ನಾನು ಕಾಣೆ.

"ನಿಮಗೆ ಮುದ್ದೆ ನುಂಗೋಕೆ ಬರುತ್ತೆ ಅಲ್ಲವೇ?" ಎಂದೆ. "ನಿಮ್ಮದು ರಾಗಿ ಸೀಮೆಯೇ ಇರಬೇಕು."

"ನಿಮಗೆ ಅನುಮಾನ ಜಾಸ್ತಿಯಾಯ್ತು," ಎಂದರು ಡಾಕ್ಟರು. ರಸ್ತೆಯ ಕಡೆ ಮುಖ ತಿರುಗಿಸಿಕೊಂಡರು.

ಆಸ್ಪತ್ರೆಗೆ ಬಂದ ಮೇಲೆ ಬೀರುವಿನ ಬೀಗ ತೆಗೆದು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಇನ್ನು ಇದನ್ನು ಯಾರಿಗೂ ತೋರಿಸುವುದು ಬೇಡ ಎಂದರು. ಹೊಂಗೆ ಮರದ ಹಿಂದೆ ಗುಂಡಿ ತೆಗೆಸಿ, ಒಳಗಿದ್ದದ್ದನ್ನು ಹೂಳಿ, ಮೇಲೆ ಸುಣ್ಣ ಹಾಕಿಸಿ ಮಣ್ಣು ಮುಚ್ಚಿಸಿದೆ. ಬಾಟಲಿಯನ್ನು ಕುದಿಯಲು ಇಟ್ಟೆ. ಗುಳ್ಳೆ ಬಂದ ಹೊತ್ತು ನೋಡಿಕೊಂಡೆ. ತೆಗೆದು, ಒರೆಸದೆ, ಶೆಲ್ಫಿನ ಮೇಲೆ ಬೋರಲು ಹಾಕಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೊರಟೆ.